ಕಲ್ಯಾಣಕಾರಕದ ರೋಗಹೇತುವಿಚಾರ

ದೃಷ್ಟಿವಾದಾಂಗದ ಚತುರ್ದಶ ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯಪೂರ್ವವು ವೈದ್ಯಶಾಸ್ತ್ರಕ್ಕೆ ಆಕರವೆಂಬುದು ಪರಂಪರೆಯಲ್ಲಿ ವಿದಿತವೇ ಆಗಿದೆ. ಕಾಯಚಿಕಿತ್ಸೆಯೇ ಮೊದಲಾದ ಅಷ್ಟಾಂಗಾಯುರ್ವೇದ, ಭೂತಿಕರ್ಮ, ವಿಷವಿದ್ಯೆಗೆ ಸಂಬಂಧಿಸಿದ ಜಾಂಗುಲಿಪ್ರಕ್ರಮ, ಪ್ರಾಣಾಪಾನವಿಭಾಗ ಇವು ಅದರ ವಿಷಯಗಳೆಂದು ಅಕಲಂಕದೇವರು ತತ್ತ್ವಾರ್ಥವಾರ್ತಿಕದಲ್ಲಿ ತಿಳಿಸಿದ್ದಾರೆ. ಆ ಪೂರ್ವವು ವಿಚ್ಛಿನ್ನವಾಗಿದೆ. ಅದರ ಆಮ್ನಾಯವನ್ನು ಹೇಳಿಕೊಂಡು ಸಂಸ್ಕೃತದಲ್ಲಿ ಉಳಿದುಬಂದಿರುವ ವೈದ್ಯಗ್ರಂಥಗಳಲ್ಲಿ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಪ್ರಮುಖವಾದುದು.

ಗ್ರಂಥಕರ್ತರು ಶ್ರೀನಂದಿ ಆಚಾರ್ಯರ ಶಿಷ್ಯರು. ರಾಮಗಿರಿಯಲ್ಲಿ ಗ್ರಂಥವನ್ನು ರಚಿಸಿದುದಾಗಿ ಹೇಳಿಕೊಂಡಿದ್ದಾರೆ. ಇಪ್ಪತ್ತೈದು ಪರಿಚ್ಛೇದಗಳ ಬಳಿಕ ರಿಷ್ಟ ಮತ್ತು ಹಿತಾಹಿತ ಎಂಬ ಎರಡು ಅಧ್ಯಾಯಗಳು ಸೇರಿವೆ. ಮಾಂಸಸೇವನೆಯನ್ನು ನಿರಾಕರಿಸುವ ಹಿತಾಹಿತಾಧ್ಯಾಯವು ನೃಪತುಂಗವಲ್ಲಭನ ಸಭೆಯಲ್ಲಿ ವಿದ್ವಾಂಸರ ಮತ್ತು ವೈದ್ಯರ ಮುಂದೆ ನಿರೂಪಿತವಾಯಿತೆಂಬ ಉಲ್ಲೇಖದಿಂದ ಕರ್ತೃವಿನ ಕಾಲವನ್ನು 9ನೆಯ ಶತಮಾನಕ್ಕೆ ಹೊಂದಿಸಲಾಗಿದೆ. ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದೀ ಅನುವಾದದೊಡನೆ ಸಿದ್ಧಪಡಿಸಿದ ಆವೃತ್ತಿಯು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಈ ಉಪಕಾರವನ್ನು ವಿದ್ವತ್ಸಮಾಜವು ಮರೆಯುವಂತಿಲ್ಲ. ಆದರೆ ಗ್ರಂಥವು ಸುಲಭವಾಗಿ ದೊರೆತಮೇಲೆ ಅದರ ಬಿಡಿಶ್ಲೋಕಗಳು ಪೂರ್ವಾಪರವನ್ನು ಕಳೆದುಕೊಂಡು ಉದ್ಧೃತವಾಗತೊಡಗಿದವು. ರೋಗಹೇತುವನ್ನು ಕುರಿತ ಏಳನೆಯ ಪರಿಚ್ಛೇದದ ಶ್ಲೋಕಗಳ ವಿಷಯದಲ್ಲಿ ಇದರಿಂದ ಹೆಚ್ಚಿನ ಅನರ್ಥವಾಗಿದೆ.

ಆ ಪ್ರಕರಣದ ತಾತ್ಪರ್ಯ ಇಷ್ಟು: ರೋಗಗಳು ಭೂತಗಳ ಕೋಪದಿಂದ ಹುಟ್ಟುವುದಿಲ್ಲ, ದೋಷಗಳ ಕೋಪದಿಂದಲೂ ಅಲ್ಲ, ಸಂವತ್ಸರದ ಫಲದಿಂದಾಗಲಿ ಗ್ರಹಗಳ ಪ್ರಕೋಪದಿಂದಾಗಲಿ ಅಲ್ಲ, ಕರ್ಮದ ಉದಯ ಉದೀರಣೆಗಳಿಂದಲೇ ಅವು ಸಂಭವಿಸುತ್ತವೆ. ಸ್ವಭಾವ, ಕಾಲ, ಗ್ರಹ, ದೈವ, ವಿಧಾತೃ, ಈಶ್ವರ, ನಿಯತಿ, ಯಮ ಮುಂತಾಗಿ ಲೋಕವು ಕರೆಯುವುದೆಲ್ಲವೂ ಪುರಾಕೃತಕರ್ಮದ ವಿಶೇಷನಾಮಗಳೇ ಎಂದೂ ಆಚಾರ್ಯರು ಹೇಳುತ್ತಾರೆ.

ಇದನ್ನು ಎರಡು ಬಗೆಯಾಗಿ ಓದುವುದು ರೂಢಿಯಾಗಿದೆ. ಕರ್ಮವೇ ರೋಗಕಾರಣವೆಂದಮೇಲೆ ವೈದ್ಯನಿಗೆ ಕೆಲಸವೇನು, ಇದು ನಿಷ್ಕ್ರಿಯತೆಯ ಬೋಧೆಯಲ್ಲವೆ ಎಂಬುದು ಒಂದು. ಭೂತಗ್ರಹಾದಿಗಳನ್ನು ನಿರಾಕರಿಸಿದುದರಿಂದ ಉಗ್ರಾದಿತ್ಯರು ತಮ್ಮ ಕಾಲದ ಮೂಢನಂಬಿಕೆಯನ್ನು ತೊರೆದ ವಿಚಾರವಾದಿಗಳು ಎಂಬುದು ಇನ್ನೊಂದು. ಎರಡೂ ಓದುಗಳು ಅಲ್ಲಿಯೇ ಇರುವ ಒಂದು ಪದವನ್ನು ಕಡೆಗಣಿಸುತ್ತವೆ. ಭೂತಕೋಪದೊಡನೆ ದೋಷಕೋಪವೂ ನಿಷೇಧಿತವಾಗಿದೆ. ಈ ನಿಷೇಧವು ಸರ್ವಥಾ ನಿಷೇಧವಾದರೆ ವಾತಪಿತ್ತಕಫಗಳನ್ನು ಆಶ್ರಯಿಸಿದ ಇಡೀ ಚಿಕಿತ್ಸಾಭಾಗವೇ ವ್ಯರ್ಥವಾಗುತ್ತದೆ. ಯಾವ ಆಚಾರ್ಯನೂ ತನ್ನ ಗ್ರಂಥವನ್ನು ತಾನೇ ಖಂಡಿಸಲಾರನಾದ್ದರಿಂದ ಇಲ್ಲಿ ನಿಷೇಧಿತವಾದದ್ದು ಮೂಲಹೇತುತ್ವ ಮಾತ್ರ, ನಿಮಿತ್ತತ್ವವಲ್ಲ ಎಂದೇ ಗ್ರಹಿಸಬೇಕು. ಅಂತರಂಗಹೇತು ಅಸಾತಾವೇದನೀಯದ ಉದಯ. ಕುಪಿತವಾದ ದೋಷಗಳು ಬಹಿರಂಗನಿಮಿತ್ತ.

ಮುಂದಿನ ಶ್ಲೋಕಗಳು ಈ ಅರ್ಥವನ್ನು ದೃಢಪಡಿಸುತ್ತವೆ. ಕರ್ಮದ ಪಾಕವು ಉಪಾಯಪಾಕ, ಕಾಲಪಾಕ ಎಂದು ಎರಡು ವಿಧ. ಘೋರವಾದ ತಪಸ್ಸು ಮೊದಲಾದ ವಿಶುದ್ಧಮಾರ್ಗಗಳಿಂದ ಶೀಘ್ರದಲ್ಲಿ ಫಲಕೊಟ್ಟು ತೀರುವುದು ಮೊದಲನೆಯದು. ಕಾಲಾಂತರದಲ್ಲಿ ತಾನಾಗಿಯೇ ಫಲಿಸುವುದು ಎರಡನೆಯದು. ಮರದ ಹಣ್ಣು ಕಾಲಕ್ರಮದಿಂದಲೂ ಪಕ್ವವಾಗುತ್ತದೆ, ಬಲ್ಲವರ ಪ್ರಯತ್ನದಿಂದಲೂ ಪಕ್ವವಾಗುತ್ತದೆ. ಚಿಕಿತ್ಸೆಯಲ್ಲಿ ದೋಷಗಳ ಪಾಕವೂ ಹಾಗೆಯೇ ದ್ವಿವಿಧವೆಂದು ಆಚಾರ್ಯರ ನಿರೂಪಣೆ.

ಈ ದೃಷ್ಟಾಂತವು ಸಿದ್ಧಾಂತಶಾಸ್ತ್ರದಿಂದ ಬಂದುದೆಂಬುದು ಗಮನಾರ್ಹ. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ನಿರ್ಜರೆಯನ್ನು ಹೇಳುವ ಸೂತ್ರಕ್ಕೆ ವ್ಯಾಖ್ಯಾನ ಬರೆಯುವಾಗ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅವಿಪಾಕನಿರ್ಜರೆಗೆ ಮಾವು ಹಲಸುಗಳನ್ನು ಹಣ್ಣುಮಾಡುವುದನ್ನೇ ಉದಾಹರಿಸಿದ್ದಾರೆ. ಎರಡನೆಯ ಅಧ್ಯಾಯದ ಕೊನೆಯಲ್ಲಿ ಅನಪವರ್ತ್ಯ ಆಯುಷ್ಯವನ್ನು ಹೇಳುವ ಸೂತ್ರದ ವಾರ್ತಿಕದಲ್ಲಿ ಅಕಲಂಕರು ಅಕಾಲಮರಣವು ಉಂಟೆಂದು ಸಾಧಿಸುವಾಗ ಮತ್ತೆ ಮಾವಿನ ಹಣ್ಣನ್ನೇ ತರುತ್ತಾರೆ. ಅಷ್ಟಕ್ಕೇ ನಿಲ್ಲದೆ ಆಯುರ್ವೇದದ ಸಾಮರ್ಥ್ಯವನ್ನೇ ಹೇತುವಾಗಿ ಒಡ್ಡುತ್ತಾರೆ: ನಿಪುಣನಾದ ವೈದ್ಯನು ವಾತಾದಿಗಳು ಉದ್ರೇಕಗೊಳ್ಳುವ ಮೊದಲೇ ವಮನವಿರೇಚನಗಳಿಂದ ಶ್ಲೇಷ್ಮಾದಿಗಳನ್ನು ಹೊರಹಾಕುತ್ತಾನೆ, ಅಕಾಲಮೃತ್ಯುವನ್ನು ತಪ್ಪಿಸಲು ರಸಾಯನವನ್ನು ಉಪದೇಶಿಸುತ್ತಾನೆ, ಅಕಾಲಮರಣವೇ ಇಲ್ಲದಿದ್ದರೆ ಆ ಉಪದೇಶ ವ್ಯರ್ಥವಾಗಬೇಕಾಗುತ್ತದೆ. ಚಿಕಿತ್ಸೆಯು ದುಃಖಪರಿಹಾರಕ್ಕೆ ಮಾತ್ರ ಎಂಬ ಪೂರ್ವಪಕ್ಷಕ್ಕೆ, ಹುಟ್ಟಿದ ವೇದನೆಗೂ ಇನ್ನೂ ಹುಟ್ಟದ ವೇದನೆಗೂ ಚಿಕಿತ್ಸೆ ಕಂಡುಬರುತ್ತದೆಯೆಂಬುದೇ ಸಮಾಧಾನ. ಹಾಗಾದರೆ ಮಾಡಿದ ಕರ್ಮ ಫಲಕೊಡದೆ ನಾಶವಾದಂತಾಗಲಿಲ್ಲವೆ ಎಂಬ ಆಕ್ಷೇಪಕ್ಕೆ ಒದ್ದೆಬಟ್ಟೆಯ ದೃಷ್ಟಾಂತವಿದೆ: ಹರವಿದ ಬಟ್ಟೆ ಬೇಗ ಒಣಗುವುದಾದರೂ ನೀರು ಆರಿಯೇ ಒಣಗುತ್ತದೆ.

ಸೋಜಿಗವೆಂದರೆ, ಇಲ್ಲಿ ತಾರ್ಕಿಕನು ವೈದ್ಯನನ್ನು ಸಾಕ್ಷಿಯಾಗಿ ಕರೆದರೆ, ಕಲ್ಯಾಣಕಾರಕದಲ್ಲಿ ವೈದ್ಯನು ಸಿದ್ಧಾಂತವನ್ನು ಸಾಕ್ಷಿಯಾಗಿ ಕರೆಯುತ್ತಾನೆ. ದೃಷ್ಟಾಂತಸಾಮ್ಯ ಮಾತ್ರದಿಂದ ಒಂದು ಗ್ರಂಥ ಇನ್ನೊಂದರಿಂದ ನೇರವಾಗಿ ಎತ್ತಿಕೊಂಡಿತೆಂದು ಹೇಳಲಾಗದು. ಎರಡೂ ಒಂದೇ ಶಾಸ್ತ್ರಭಾಷೆಯಲ್ಲಿ ಮಾತನಾಡುತ್ತವೆ ಎಂಬಷ್ಟು ನಿಶ್ಚಿತ. ಅಕಲಂಕರ ಪ್ರಕರಣವು ಆಯುಃಕರ್ಮವನ್ನೂ ಉಗ್ರಾದಿತ್ಯರದು ರೋಗವನ್ನೂ ಕುರಿತದ್ದೆಂಬ ಭೇದವನ್ನೂ ಮರೆಯಬಾರದು. ಮತ್ತೊಂದು ಸೂಕ್ಷ್ಮವಿದೆ. ಕರ್ಮಕ್ಕೆ ಉಪಾಯ ತಪಸ್ಸು, ದೋಷಕ್ಕೆ ಉಪಾಯ ಔಷಧ. ಇವೆರಡನ್ನೂ ಜೋಡಿಸುವುದು ಹಣ್ಣಿನ ಉಪಮೆಯೊಂದೇ. ಕಷಾಯವು ಕರ್ಮವನ್ನು ಕ್ಷಯಿಸುತ್ತದೆಂದು ಇದರಿಂದ ಸಿದ್ಧವಾಗುವುದಿಲ್ಲ. ಕರ್ಮೋದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಅಪೇಕ್ಷಿಸುವುದರಿಂದ ವೈದ್ಯನು ಆ ನಿಮಿತ್ತಗಳನ್ನು ಬದಲಿಸುತ್ತಾನೆ ಎಂಬ ಅರ್ಥವೇ ಸಿದ್ಧಾಂತಕ್ಕೆ ಅವಿರುದ್ಧವಾದುದು.

ಆಚಾರಗ್ರಂಥಗಳೂ ಇದನ್ನೇ ಸಮರ್ಥಿಸುತ್ತವೆ. ಬಾವೀಸ ಪರೀಷಹಗಳಲ್ಲಿ ರೋಗವೂ ಒಂದು. ರೋಗಿಯಾದ ಮುನಿ ಅದನ್ನು ಸಹಿಸಬೇಕು. ಅದೇ ಅಧ್ಯಾಯದಲ್ಲಿ ವೈಯಾವೃತ್ತ್ಯಕ್ಕೆ ಪಾತ್ರರಾದ ಹತ್ತು ಮಂದಿಯಲ್ಲಿ ಗ್ಲಾನನೂ ಒಬ್ಬ; ಉಳಿದವರು ಅವನ ಸೇವೆ ಮಾಡಬೇಕು. ಸಹನೆಯು ರೋಗಿಯ ಧರ್ಮವೇ ಹೊರತು ನೋಡುವವನ ನೆಪವಲ್ಲ. ರತ್ನಕರಂಡಕದಲ್ಲಿ ಸಮಂತಭದ್ರರು ಸಲ್ಲೇಖನೆಗೆ ಹೇಳುವ ರೋಗವು ನಿಃಪ್ರತೀಕಾರವಾಗಿರಬೇಕು. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವೇ ಕರ್ತವ್ಯವೆಂಬುದು ಆ ಒಂದು ವಿಶೇಷಣದಲ್ಲಿ ಅಡಗಿದೆ. ಚತುರ್ವಿಧದಾನಗಳಲ್ಲಿ ಔಷಧದಾನಕ್ಕೆ ಸ್ಥಾನವಿರುವುದೂ ಇದೇ ಕಾರಣದಿಂದ. ನೊಂದವನನ್ನು ಅವನ ಕರ್ಮಕ್ಕೆ ಬಿಟ್ಟು ಸುಮ್ಮನಿರುವವನಿಗೆ ಈ ಶಾಸ್ತ್ರದಲ್ಲಿ ಆಧಾರವಿಲ್ಲ.

ರೋಗನಿವಾರಣೆಯ ಉಪಾಯಗಳೂ ಇದೇ ನೆಲೆಯಲ್ಲಿ ನಿಲ್ಲುತ್ತವೆ. ಗ್ರಂಥವು ಸ್ವಾಸ್ಥ್ಯವನ್ನು ಪಾರಮಾರ್ಥಿಕ, ವ್ಯಾವಹಾರಿಕ ಎಂದು ವಿಭಾಗಿಸುತ್ತದೆ. ಸಕಲಕರ್ಮಕ್ಷಯದಿಂದ ದೊರೆಯುವ ಆತ್ಯಂತಿಕಸುಖ ಮೊದಲನೆಯದು; ಅಗ್ನಿ, ಧಾತು, ದೋಷಗಳ ಸಮತೆ ಎರಡನೆಯದು. ಎರಡನೆಯದರ ವಿವರಣೆಯಲ್ಲಿ ಸುಶ್ರುತಾದಿಗಳಿಗೂ ಕಲ್ಯಾಣಕಾರಕಕ್ಕೂ ಹೆಚ್ಚಿನ ಭೇದವಿಲ್ಲ. ಮದ್ಯ, ಮಾಂಸ, ಮಧುಗಳನ್ನು ಔಷಧದಿಂದಲೂ ಹೊರಗಿರಿಸಿದುದು ಗ್ರಂಥದ ಸ್ವಂತಿಕೆ.

ಇಲ್ಲಿ ವಿಮರ್ಶಕನು ಎರಡು ಕಡೆ ಎಚ್ಚರವಹಿಸಬೇಕು. ಮೊದಲನೆಯದು, ಗ್ರಂಥದ ಬಾಲಗ್ರಹಭೂತತಂತ್ರ. ಕರ್ಮವನ್ನು ಮೂಲಹೇತುವೆಂದ ಆಚಾರ್ಯರೇ ಅಲ್ಲಿ ಗ್ರಹಬಾಧೆಗೆ ಪರಿಹಾರವನ್ನು ಹೇಳುತ್ತಾರೆ. ನಿಮಿತ್ತವಾದದಿಂದ ಇದಕ್ಕೆ ಸಂಗತಿಯನ್ನು ಕಲ್ಪಿಸಬಹುದು. ಆದರೆ ಅಷ್ಟಾಂಗಗಳಲ್ಲಿ ಒಂದು ಅಂಗವಾಗಿ ಬಂದ ವಿಷಯವು ಪರಂಪರಾಗತವಾಗಿ ಉಳಿಯಿತೆಂದು ಒಪ್ಪುವುದು ಹೆಚ್ಚು ಪ್ರಾಮಾಣಿಕ. ವಿಷ ಮತ್ತು ಉಗ್ರಗ್ರಹಗಳ ಶಮನವನ್ನು ಸಿದ್ಧಸೇನರೂ ಶಿಶುವೈದ್ಯವನ್ನು ಮೇಘನಾದರೂ ರಚಿಸಿದ್ದರೆಂದು ಉಗ್ರಾದಿತ್ಯರೇ ಸ್ಮರಿಸಿದ್ದಾರೆ. ಕನ್ನಡದಲ್ಲಿ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯೂ ಈ ನಂಬಿಕೆ ಎಷ್ಟು ಬಲವಾಗಿತ್ತೆಂಬುದಕ್ಕೆ ಸಾಕ್ಷಿ.

ಎರಡನೆಯದು, ನೀರು ಸೋಸುವುದು, ರಾತ್ರಿಭೋಜನತ್ಯಾಗ ಮುಂತಾದವುಗಳಲ್ಲಿ ಆಧುನಿಕ ರೋಗಾಣುವಾದವನ್ನು ಕಾಣುವ ಉತ್ಸಾಹ. ಶ್ರಾವಕಾಚಾರಗಳಲ್ಲಿ ಇವುಗಳಿಗೆ ಪ್ರಧಾನ ಹೇತು ಜೀವದಯೆ. ಜಲದ ಜೀವಗಳಿಂದ ಮನುಷ್ಯನನ್ನಲ್ಲ, ಮನುಷ್ಯನಿಂದ ಆ ಜೀವಗಳನ್ನು ಕಾಪಾಡುವುದು ಉದ್ದೇಶ. ಆರೋಗ್ಯದ ಮಾತು ಬಂದಲ್ಲಿಯೂ ಅದರ ರೂಪ ಬೇರೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ರಾತ್ರಿಭೋಜನದ ದೋಷ ಹೇಳುವಾಗ ಅನ್ನದಲ್ಲಿ ಬೆರೆತ ಇರುವೆ ಬುದ್ಧಿಯನ್ನು ಕೆಡಿಸುತ್ತದೆ, ಹೇನು ಜಲೋದರವನ್ನೂ ನೊಣ ವಾಂತಿಯನ್ನೂ ಜೇಡ ಕುಷ್ಠವನ್ನೂ ಉಂಟುಮಾಡುತ್ತವೆ ಎನ್ನುತ್ತಾರೆ. ಇವು ಕಣ್ಣಿಗೆ ಕಾಣುವ, ಕತ್ತಲಲ್ಲಿ ಕಾಣದೆಹೋಗುವ ಪ್ರಾಣಿಗಳು. ಸ್ಪರ್ಶ, ಉಸಿರು, ಸಹಭೋಜನ, ಹಾಸಿಗೆ, ಬಟ್ಟೆಗಳಿಂದ ಜ್ವರ, ಕುಷ್ಠ ಮೊದಲಾದವು ಒಬ್ಬರಿಂದೊಬ್ಬರಿಗೆ ಹರಡುತ್ತವೆಂಬ ಅರಿವು ಸುಶ್ರುತಸಂಹಿತೆಯಲ್ಲಿ ಇದ್ದರೂ ಅದು ಸೂಕ್ಷ್ಮಜೀವವಿಚಾರದೊಡನೆ ಹೊಂದಿಕೊಂಡಿಲ್ಲ. ಅಹಿಂಸಾವ್ರತಕ್ಕೆ ವಿಜ್ಞಾನದ ಅಂಗೀಕಾರಮುದ್ರೆಯನ್ನು ಬೇಡುವುದರಿಂದ ವ್ರತದ ಗೌರವವೂ ಹೆಚ್ಚುವುದಿಲ್ಲ, ಗ್ರಂಥದ ಅರ್ಥವೂ ತಿಳಿಯುವುದಿಲ್ಲ.

ಕನ್ನಡದ ವೈದ್ಯಪರಂಪರೆಗೂ ಈ ವಿಚಾರ ಸಂಬಂಧಿಸಿದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕಕ್ಕೆ ಮೂಲ ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕ, ಉಗ್ರಾದಿತ್ಯರದಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವೂ ಪೂಜ್ಯಪಾದರನ್ನೇ ಆಶ್ರಯಿಸುತ್ತದೆ. ಹೆಸರಿನ ಸಾಮ್ಯದಿಂದ ಸೂಚೀಪತ್ರಗಳಲ್ಲಿ ಒಂದು ಇನ್ನೊಂದಾಗುವ ಸಂಭವವಿರುವುದರಿಂದ ಕೇವಲ ಶೀರ್ಷಿಕೆಯನ್ನು ನೆಚ್ಚದೆ ಪ್ರಶಸ್ತಿ, ಪರಿಚ್ಛೇದಾಂತ್ಯವಾಕ್ಯಗಳನ್ನು ನೋಡಿಯೇ ನಿರ್ಣಯಿಸಬೇಕು.

ಲಭ್ಯ ಓಲೆಪ್ರತಿಗಳನ್ನೆಲ್ಲ ತುಲನೆಮಾಡಿ, ಪಾಠಾಂತರಗಳೊಡನೆ, ಸಿದ್ಧಾಂತಗ್ರಂಥಗಳ ಸಮಾನಸ್ಥಳಗಳನ್ನು ತೋರಿಸುವ ಪರಿಷ್ಕೃತ ಆವೃತ್ತಿ ಸಿದ್ಧವಾಗಬೇಕಾಗಿದೆ. ಉದಯ, ಉದೀರಣ, ಉಪಶಮ, ಪಾಕ ಎಂಬ ಪಾರಿಭಾಷಿಕ ಪದಗಳನ್ನು ವೈದ್ಯರು ದೋಷಪರವಾಗಿಯೂ ಸಿದ್ಧಾಂತಿಗಳು ಕರ್ಮಪರವಾಗಿಯೂ ಬಳಸುವುದರಿಂದ ಒಂದಕ್ಷರದ ಪಾಠಭೇದವೂ ತತ್ತ್ವವನ್ನೇ ಪಲ್ಲಟಗೊಳಿಸೀತು. ಸಂಪಾದಕನಾಗುವವನು ವೈದ್ಯವನ್ನೂ ಕರ್ಮಸಿದ್ಧಾಂತವನ್ನೂ ಸಮವಾಗಿ ಬಲ್ಲವನಾಗಿರಬೇಕು. ಅಲ್ಲಿಯವರೆಗೆ, ಕರ್ಮವೇ ರೋಗಹೇತುವೆಂಬ ಶ್ಲೋಕವನ್ನು ಉದ್ಧರಿಸುವವರು ಅದರ ಮುಂದಿನ ಪಾಕಶ್ಲೋಕಗಳನ್ನೂ ಜೊತೆಗೆ ಉದ್ಧರಿಸುವುದು ಯುಕ್ತ.