ಎಲೆಯ ನಂಜೋ, ಬೇರಿನ ದಾಹವೋ

ಸೂಡಿ ಊರಿನ ಎರಿ ಹೊಲಗಳಲ್ಲಿ ಒಡ್ಡಿನ ಮೇಲೆ ಬೇವೋ ಜಾಲಿಯೋ ಇದ್ದರೆ, ಗಿಡದ ಕಡೆ ಹೋದಂತೆ ಬಿಳಿಜೋಳದ ಸಾಲು ಗಿಡ್ಡಾಗುತ್ತದೆ. ‘ಎಲೆ ಉದುರಿ ನೆಲಕ್ಕೆ ನಂಜೇರಿದೆ, ಸಸಿ ಏಳಗೊಡುವುದಿಲ್ಲ’ ಎಂಬುದು ರೂಢಿಯ ಮಾತು. ಪ್ರಯೋಗಾಲಯವೂ ಇದಕ್ಕೆ ಹೂಂಗುಟ್ಟುತ್ತದೆ. ಎಲೆ ಅರೆದು ನೆನೆಸಿ, ಸೋಸಿದ ರಸವನ್ನು ಗಾಜಿನ ತಟ್ಟೆಯಲ್ಲಿಟ್ಟ ಬೀಜಕ್ಕೆ ಉಣಿಸಿದರೆ ಮೊಳಕೆ ಕುಂಟುತ್ತದೆ, ನಿಜ. ಆದರೆ ಆ ತಟ್ಟೆಯಲ್ಲಿ ಮಣ್ಣೇ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಇಂಥ ಪ್ರಯೋಗಗಳಲ್ಲಿ ಲೀಟರ್ ನೀರಿಗೆ 100 ಗ್ರಾಂ ಎಲೆ ಹಾಕುವುದು ಸಾಮಾನ್ಯ. ಹೊಲದಲ್ಲಿ ಚದರ ಮೀಟರಿಗೆ ಅರ್ಧ ಕಿಲೋ ಒಣ ಎಲೆ ಬಿತ್ತು ಎನ್ನೋಣ. 100 ಮಿ.ಮೀ. ಮಳೆಯೆಂದರೆ ಅಷ್ಟೇ ಜಾಗಕ್ಕೆ 100 ಲೀಟರ್ ನೀರು. ಅಲ್ಲಿಗೆ ಲೀಟರಿಗೆ 5 ಗ್ರಾಂ. ತಟ್ಟೆಯ ರಸದ ಇಪ್ಪತ್ತರಲ್ಲಿ ಒಂದು ಪಾಲು. ಉಳಿದದ್ದರಲ್ಲೂ ಒಂದಿಷ್ಟನ್ನು ಎರಿ ಮಣ್ಣಿನ ಜೇಡಿ ಹಿಡಿದುಕೊಳ್ಳುತ್ತದೆ, ಇನ್ನೊಂದಿಷ್ಟನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ.

ಪಂಚಾಂಗವೂ ಎಲೆಯ ಪರವಾಗಿಯೇ ಇದೆ. ಬೇವು ಎಲೆ ಉದುರಿಸುವುದು ಫೆಬ್ರುವರಿ–ಮಾರ್ಚಿನಲ್ಲಿ, ಹಿಂಗಾರಿ ಜೋಳಕ್ಕೆ ಕೂರಿಗೆ ಹೂಡುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ನಡುವೆ ಇಡೀ ಮುಂಗಾರು ಸುರಿದಿರುತ್ತದೆ, ಹೊಲ ಹರಗಿ ಆಗಿರುತ್ತದೆ. ಜೂನಿನಲ್ಲಿ ಹೆಸರು ಬಿತ್ತುವವರು ಅನುಮಾನಪಟ್ಟರೆ ಒಪ್ಪೋಣ. ದಪ್ಪಗೆ ಬಿದ್ದ ಎಲೆ ಸಸಿಯನ್ನು ಮುಚ್ಚಿಯೂ ಬಿಡಬಹುದು. ಅದಕ್ಕೆ ಕುಂಟೆ ಸಾಕು.

ಎಲೆಯ ಮೇಲೆ ಇಂಥ ಆರೋಪ ಹೊರದೇಶದಲ್ಲೂ ಬಂದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಕೆಲವು ಪೊದೆಗಳ ಸುತ್ತ ಹುಲ್ಲು ಬೆಳೆಯದ ಬೋಳು ಪಟ್ಟಿಯೊಂದಿರುತ್ತದೆ. ಪೊದೆಯ ಎಲೆ ಸೂಸುವ ರಾಸಾಯನಿಕವೇ ಕಾರಣವೆಂದು ವಿಜ್ಞಾನಿ ಮುಲ್ಲರ್ ಮತ್ತು ಸಂಗಡಿಗರು 1964ರಲ್ಲಿ ಬರೆದರು. ಬಾರ್ತಲೋಮ್ಯೂ ಎಂಬ ಇನ್ನೊಬ್ಬ ಸಂಶೋಧಕರು ಅಲ್ಲಿ ಪ್ರಾಣಿಗಳು ನುಗ್ಗದಂತೆ ಬೇಲಿ ಕಟ್ಟಿ ನೋಡಿದರು. ಒಳಗೆ ಹುಲ್ಲು ಎದ್ದಿತು. ಪೊದೆಯಲ್ಲಿ ಅಡಗಿದ್ದ ಇಲಿ ಮುಂತಾದವು ಮೇಯುತ್ತಿದ್ದವೆಂದು ಅವರು 1970ರಲ್ಲಿ ಪ್ರಕಟಿಸಿದರು.

ನಮ್ಮಲ್ಲಿ ಮೇಯುವುದು ಬೇರು. ಹಿಂಗಾರಿ ಜೋಳ ಬದುಕುವುದೇ ನೆಲ ಹಿಡಿದಿಟ್ಟ ಹಸಿಯ ಮೇಲೆ, ಅದಕ್ಕೆ ಜಾಲಿಯೂ ಪಾಲುದಾರ. ನೆರಳಿನ ಪೆಟ್ಟು ಬೇರೆ. ಎಲೆಯ ನಂಜೇ ಆಗಿದ್ದರೆ ಮೊಳಕೆಯಲ್ಲೇ ಸಾಯಬೇಕಿತ್ತು, ತೆನೆ ಬಿಡುವ ಹೊತ್ತಿಗೆ ಸೊರಗುವುದೇಕೆ? ನೀಲಗಿರಿಯ ಎಲೆಗೂ ಇದೇ ಅಪವಾದವಿತ್ತು. 2017ರಲ್ಲಿ ರಾಜ್ಯ ಸರ್ಕಾರ ಅದನ್ನು ಹೊಸದಾಗಿ ನೆಡುವುದಕ್ಕೆ ತಡೆ ಹಾಕಿದ್ದು ಮಾತ್ರ ಅಂತರ್ಜಲದ ಚಿಂತೆಯಿಂದ.

ಎಲೆಯೋ ಬೇರೋ ಎಂಬುದನ್ನು ಹೊಲದಲ್ಲೇ ಪರೀಕ್ಷಿಸಬಹುದು. ಒಂದೇ ಒಡ್ಡಿನ ಎರಡು ಗಿಡ ಆರಿಸಿಕೊಳ್ಳಿ. ಒಂದರ ಎಲೆ ಮುಟ್ಟದೆ, ಗಿಡಕ್ಕೂ ಬೆಳೆಗೂ ನಡುವೆ ಮೂರಡಿ ಆಳದ ಕಾಲುವೆ ತೋಡಿ ಬೇರು ಕಡಿಯಿರಿ. ಇನ್ನೊಂದರ ಎಲೆ ಗುಡಿಸಿ, ಬೇರು ಬಿಡಿ. ಸುಗ್ಗಿಯಲ್ಲಿ ಎರಡೂ ಕಡೆಯ ತೆನೆ ತೂಗಿ ನೋಡಿ. ಗಿಡ ಕಡಿಸುವ ಮಾತು ಆಮೇಲೆ ಆಡೋಣ.