ಬಿಸಿಯಿಲ್ಲದ ಬೆಂಕಿ

ಬೇಸಿಗೆ ರಜೆಗೆ ತಂಗಿಯ ಮಗ ಬಿಳಿಚೋಡಿಗೆ ಬಂದಿದ್ದ. ಬಟ್ಟೆ ಮರೆತರೂ ಲ್ಯಾಪ್‌ಟಾಪ್ ಮರೆತಿರಲಿಲ್ಲ. "ದೊಡ್ಡಮ್ಮ, ಊರು ಸುಡ್ತೀನಿ, ಬಂದು ನೋಡಿ" ಎಂದು ಕರೆದಾಗ ನನ್ನ ಎದೆ ಧಸಕ್ಕೆಂದಿತು.

ಅವನು ಸುಡುತ್ತಿದ್ದದ್ದು ಆಟದ ಊರು. ಆಟ 'ಮೈನ್‌ಟೆಸ್ಟ್ ಗೇಮ್'. ಅದು ನಡೆಯುವ ತಂತ್ರಾಂಶವನ್ನು 2010ರಲ್ಲಿ ಫಿನ್ಲೆಂಡಿನ ಪೆರ್ತು ಅಹೋಲ ಆರಂಭಿಸಿದರು. 2024ರಿಂದ ಅದರ ಹೆಸರು ಲುವಾಂಟಿ. ದುಡ್ಡು ಕೊಡಬೇಕಿಲ್ಲ. ಚೌಕಗಳನ್ನು ಜೋಡಿಸಿ ಮನೆ ಕಟ್ಟಬಹುದು. ಆಟದ ನಿಯಮಗಳನ್ನೂ ತಿದ್ದಬಹುದು. ಹಾಗೆ ತಿದ್ದಿ ಸೇರಿಸಿದ್ದಕ್ಕೆ 'ಮಾಡ್' ಎನ್ನುತ್ತಾರೆ.

ಮೇಷ್ಟರ ಕಣ್ಣಿಗೆ ಇದರಲ್ಲಿ ಮೆಚ್ಚುವಂಥದ್ದು ಬಹಳ ಇದೆ. ಮರ, ಎಲೆ, ಉಣ್ಣೆಗೆ ಉರಿಯುವ ಗುಣವನ್ನು ಅಂಕಿಯಲ್ಲಿ ಬರೆದಿದ್ದಾರೆ, ಕಲ್ಲಿಗೆ ಅದಿಲ್ಲ. ಉರಿಯುವ ವಸ್ತು ಹತ್ತಿರವಿದ್ದರೆ ಬೆಂಕಿ ಹಬ್ಬುತ್ತದೆ, ನೀರು ಹರಿದು ಬಂದರೆ ಆರುತ್ತದೆ. ಸಿಡಿಮದ್ದು ಎಷ್ಟು ದೂರ ಸಿಡಿಯಬೇಕೆಂಬುದೂ ಒಂದು ಅಂಕಿ, ಮೊದಲಿಗೆ 3. ಹುಡುಗ ಅದನ್ನು 10 ಮಾಡಿಕೊಂಡಿದ್ದ. ಹಲವರು ಸೇರಿ ಆಡುವಲ್ಲಿ ಮಾತ್ರ ಯಾರಾದರೂ ಬೇಕೆಂದು ತೆರೆಯುವವರೆಗೆ ಸಿಡಿಮದ್ದು ಬಂದ್. ಮಾಡಿದವರಿಗೆ ಅಷ್ಟು ವಿವೇಕವಿದೆ.

ಆದರೆ ಒಂದು ಕೊರತೆ ಕಣ್ಣಿಗೆ ಬಿತ್ತು. ಹುಡುಗನ ಗೊಂಬೆ ಉರಿಯುವ ಮನೆಯ ಪಕ್ಕದಲ್ಲೇ ಆರಾಮಾಗಿ ನಿಂತಿತ್ತು. ಜ್ವಾಲೆಯೊಳಗೆ ಕಾಲಿಟ್ಟರಷ್ಟೇ ಪೆಟ್ಟು. ಪಕ್ಕದ ಚೌಕಕ್ಕೆ ಬಿಸಿಯೇ ತಟ್ಟದು, ಹೊಗೆ ಉಸಿರು ಕಟ್ಟಿಸದು. ಬೆಂಕಿಯ ಬಣ್ಣವಿದೆ, ಬಿಸಿಯಿಲ್ಲ.

ನಾನು ಚಿಕ್ಕವಳಿದ್ದಾಗ ನಮ್ಮ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಹತ್ತು ಮಾರು ದೂರದಲ್ಲೂ ಮುಖ ಸುಡುತ್ತಿತ್ತು. ಕೊಡ ಹಿಡಿದವರು ಹತ್ತಿರ ಹೋಗಲಾಗಲಿಲ್ಲ. ಬೂದಿ ಆರಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಮೇವಿಲ್ಲದೆ ಎತ್ತುಗಳನ್ನು ಮಾರಿದೆವು. ಅವ್ವ ಎರಡು ದಿನ ಒಲೆ ಹಚ್ಚಲಿಲ್ಲ.

ಸಿಡಿಮದ್ದಿನ ಮಾತೂ ಅಷ್ಟೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿ ಹುಣಸೋಡಿನಲ್ಲಿ ಕಲ್ಲುಕ್ವಾರಿಗೆ ತಂದ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತರು. ಭೂಕಂಪವೆಂದು ಜನ ಮನೆಯಿಂದ ಹೊರಗೋಡಿದರು. ಆ ಸ್ಫೋಟಕ್ಕೆ ಇಷ್ಟೇ ದೂರ ಎಂದು ಅಂಕಿ ಬರೆದಿಟ್ಟವರು ಯಾರೂ ಇರಲಿಲ್ಲ.

ಆಟವನ್ನು ಬೈದು ಮುಚ್ಚಿಸಬಹುದಿತ್ತು. ಬದಲಿಗೆ ಬಣವೆಯ ಕಥೆ ಹೇಳಿ, "ತಿದ್ದೋಕೆ ಬರುತ್ತಲ್ಲ, ಬಿಸಿಯನ್ನೂ ಸೇರಿಸು" ಎಂದೆ. ಎರಡು ದಿನ ಕೂತು ತಿದ್ದಿದ. ಈಗ ಮೂರು ಚೌಕದಾಚೆ ನಿಂತರೂ ಗೊಂಬೆಗೆ ಪೆಟ್ಟು ಬೀಳುತ್ತದೆ.

"ಈಗ ಸರೀನಾ ದೊಡ್ಡಮ್ಮ?"

"ಬಿಸಿ ಸರಿಯಾಯ್ತು ಮಗ. ಎತ್ತು ಮಾರಿದ್ದು ಎಲ್ಲಿ ಬರುತ್ತೆ?" ಎಂದೆ.

ಅವನು ಪರದೆಯಿಂದ ಮುಖ ಎತ್ತಿ, "ಆ ಎತ್ತುಗಳ ಹೆಸರೇನು?" ಎಂದು ಕೇಳಿದ.