ಕಲ್ಲು ನೋಡಬೇಡಿ, ನೊಗ ನೋಡಿ

ಕಾರ ಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬಕ್ಕೆ ಮೊದಲ ಸಲ ಹೋದವರಿಗೆ ಅರ್ಧ ಗಂಟೆಯಲ್ಲೇ ಬೇಸರ ಬಂದರೆ ಅದು ಅವರ ತಪ್ಪಲ್ಲ. ಎಪಿಎಂಸಿ ಅಂಗಳದಲ್ಲಿ ಎತ್ತುಗಳು ಮೂರು ದಿನ ಕಲ್ಲು ಎಳೆಯುತ್ತವೆ. ಮೊದಲ ದಿನ ಒಂದೂವರೆ ಟನ್, ಮರುದಿನ 2 ಟನ್, ಕೊನೆಯ ದಿನ ಎರಡೂವರೆ ಟನ್. ಓಟದ ಬೆರಗು ಇಲ್ಲಿಲ್ಲ. ಕಂಬಳದ ಕೋಣ ಕರೆಯ ಕೊನೆ ಮುಟ್ಟುವಷ್ಟರಲ್ಲಿ ಇಲ್ಲಿನ ಜೋಡಿ ಇನ್ನೂ ಗೊರಸು ಊರಿಕೊಳ್ಳುತ್ತಿರುತ್ತದೆ. ಕಣ್ಣು ಸಹಜವಾಗಿ ಕಲ್ಲಿನ ಮೇಲೆ ಹೋಗುತ್ತದೆ, ಏಕೆಂದರೆ ದೊಡ್ಡದಾಗಿ ಕಾಣುವುದು ಅದೇ. ಹೊಸ ರಸಿಕರು ಮೊದಲು ಬಿಡಬೇಕಾದದ್ದು ಈ ಅಭ್ಯಾಸವನ್ನು. ಕಲ್ಲೆಳೆತ ತೋರಿಸುವುದು ಎತ್ತಿನ ಶಕ್ತಿಯನ್ನಲ್ಲ, ಎರಡು ಎತ್ತುಗಳ ಹೊಂದಾಣಿಕೆಯನ್ನು. ಅದು ಕಾಣುವ ಜಾಗ ನೊಗ.

ಹೀಗೆ ಹೇಳುವುದಕ್ಕೆ ಲೆಕ್ಕದ ಆಧಾರವಿದೆ. ದಿನವಿಡೀ ದುಡಿಯುವ ಎತ್ತು ತನ್ನ ಮೈತೂಕದ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚಿನ ಬಲದಲ್ಲಷ್ಟೇ ಎಳೆಯುತ್ತಿರುತ್ತದೆ. ಕುಂಟೆ, ರಂಟೆಗೆ ಅಷ್ಟು ಸಾಕು. ಕಲ್ಲಿಗೆ ಗಾಲಿಯಿಲ್ಲ. ಒಣ ನೆಲದಲ್ಲಿ ಅದನ್ನು ಜಾರಿಸಲು ಅದರ ತೂಕದ ಅರ್ಧದಷ್ಟು ಬಲ ಬೇಕೆಂದು ಹಿಡಿದರೆ, 2 ಟನ್ ಕಲ್ಲಿಗೆ ಒಂದು ಟನ್ ಎಳೆತ ಬೇಕಾಗುತ್ತದೆ. ಅಂದರೆ ಭಾರೀ ಜೋಡಿಯೊಂದರ ಒಟ್ಟು ಮೈತೂಕಕ್ಕೆ ಹತ್ತಿರ ಹತ್ತಿರ. ಇಷ್ಟನ್ನು ಒಂದೇ ಎತ್ತು ಎಂದೂ ಕೊಡಲಾರದು. ಎರಡೂ ಒಂದೇ ಗಳಿಗೆಯಲ್ಲಿ ಮೈಯೊಡ್ಡಬೇಕು. ಅದರ ಮೇಲೆ, ನಿಂತ ಕಲ್ಲನ್ನು ಕದಲಿಸುವುದು ಜಾರುತ್ತಿರುವ ಕಲ್ಲನ್ನು ಎಳೆಯುವುದಕ್ಕಿಂತ ಕಷ್ಟ. ಒಂದು ಎತ್ತು ಅರೆಗಳಿಗೆ ಮೊದಲು ಮುನ್ನುಗ್ಗಿದರೆ ನೊಗ ಓರೆಯಾಗುತ್ತದೆ, ಕಲ್ಲಿನ ಮೂತಿ ಪಕ್ಕಕ್ಕೆ ತಿರುಗುತ್ತದೆ, ನೆಟ್ಟಗೆ ಹೋಗಬೇಕಾದ ಬಲದಲ್ಲಿ ಒಂದು ಪಾಲು ಪಕ್ಕಕ್ಕೆ ಸೋರಿಹೋಗುತ್ತದೆ. ನಿಗದಿತ ನಿಮಿಷಗಳಲ್ಲಿ ಹೆಚ್ಚು ದೂರ ಎಳೆದವರು ಗೆದ್ದಂತೆ. ಅಳತೆ ಅಡಿ, ಅಂಗುಲದಲ್ಲಿ. ಆದ್ದರಿಂದ ದಣಿದು ನಿಂತು, ಮತ್ತೆ ಹೊರಟು, ಅಂಕಣದ ಕೊನೆಯಲ್ಲಿ ತಿರುಗಿ, ಪುನಃ ಹೊರಡುವ ಪ್ರತಿ ಸಲವೂ ಹೊಸ ಪರೀಕ್ಷೆ. ಪಳಗಿದ ಜೋಡಿಯ ಗುರುತು ತಿರುವಿನಲ್ಲಿ ಸಿಗುತ್ತದೆ: ಒಳಗಿನ ಎತ್ತು ಹೆಜ್ಜೆ ಕಿರಿದು ಮಾಡಿ ಕಾಯುತ್ತದೆ, ಹೊರಗಿನದು ಸುತ್ತಿ ಬರುತ್ತದೆ. ಯಾರೂ ಚಪ್ಪಾಳೆ ತಟ್ಟದ ಆ ಕ್ಷಣ, ನನ್ನ ಮಟ್ಟಿಗೆ, ಇಡೀ ಸ್ಪರ್ಧೆಯಲ್ಲೇ ಚೆಂದ.

ಮೋಟಾರು ಲೋಕದ ಡ್ರ್ಯಾಗ್ ರೇಸನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿಯೂ ನಿಂತಲ್ಲಿಂದಲೇ ಹೊರಡಬೇಕು, ದಾರಿ ನೇರ, ಉದ್ದ 402 ಮೀಟರು; ಬಲ್ಲವರು ನೋಡುವುದು ಮೊದಲ ಕೆಲವು ಅಡಿಗಳಲ್ಲಿ ಟೈರು ನೆಲ ಹಿಡಿಯಿತೋ ಜಾರಿತೋ ಎಂಬುದನ್ನೇ. ಆದರೆ ಮಳೆ ಹನಿದರೆ ಆ ಸ್ಪರ್ಧೆ ನಿಲ್ಲುತ್ತದೆ. ನಮ್ಮದು ಮಳೆಗಾಗಿಯೇ ಇರುವ ಹಬ್ಬ. ಕಾರ ಹುಣ್ಣಿಮೆ ಬರುವುದು ಮಿರಗದ ಮಳೆಯ ಆಸುಪಾಸಿನಲ್ಲಿ. ಅಂದು ಕರಿ ಹರಿಯುವ ಓಟದಲ್ಲಿ ಗೆದ್ದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಕೈಹಿಡಿದೀತು ಎಂದು ಹೇಳುವ ರೂಢಿ ಈ ಸೀಮೆಯ ಹಳ್ಳಿಗಳಲ್ಲಿದೆ. ತುಸು ತುಂತುರು ಬಿದ್ದರೆ ಧೂಳು ಅಡಗಿ ಗೊರಸಿಗೆ ಹಿಡಿತ ಸಿಗುತ್ತದೆ. ಜೋರು ಬಿದ್ದರೆ ಮೇಲಿನ ಪದರ ಕೆಸರಾಗಿ ಕಾಲು ಜಾರುತ್ತದೆ, ಅದೇ ಕೆಸರು ಕಲ್ಲಿನ ತಳಕ್ಕೆ ಮೆತ್ತಿಕೊಳ್ಳುತ್ತದೆ. ಇದನ್ನು ದೇವದುರ್ಗದ ಎರೆ ಹೊಲದ ರೈತನಿಗೂ ಮಾನ್ವಿಯ ಎಡದಂಡೆ ಕಾಲುವೆ ಕೆಳಗಿನ ಗದ್ದೆಯವನಿಗೂ ಹೇಳಿಕೊಡಬೇಕಿಲ್ಲ. ಒಣ ದಿನ ಬರೀ ಬಲದಿಂದ ಮುಚ್ಚಿಹೋಗುವ ಹೊಂದಾಣಿಕೆಯ ಕೊರತೆ ಹಸಿ ನೆಲದಲ್ಲಿ ಬಯಲಾಗುತ್ತದೆ. ಅಲ್ಲಿ ಜಗ್ಗಾಡಿದ ಜೋಡಿ ಮೊಣಕಾಲೂರುತ್ತದೆ, ಸಮವಾಗಿ ಒತ್ತಿದ ಜೋಡಿ ನಿಧಾನವಾಗಿಯಾದರೂ ಸಾಗುತ್ತದೆ.

ಬೆಳಿಗ್ಗೆ ಒಣ ನೆಲದಲ್ಲಿ ಎಳೆದವರಿಗೂ ಮಧ್ಯಾಹ್ನ ಕೆಸರಿನಲ್ಲಿ ಎಳೆದವರಿಗೂ ಒಂದೇ ಅಳತೆಪಟ್ಟಿ ಹಿಡಿಯುವುದು ಯಾವ ನ್ಯಾಯ ಎಂದು ಕೇಳಬಹುದು. ಬಹುಮಾನದ ದೃಷ್ಟಿಯಿಂದ ಅದು ಅನ್ಯಾಯವೇ. ರಸಿಕರಿಗೆ ಮಾತ್ರ ಬಹುಮಾನದ ಪಟ್ಟಿಯ ಹಂಗಿಲ್ಲ. ಕೆಸರಿನಲ್ಲಿ ಐದನೆಯ ಸ್ಥಾನಕ್ಕೆ ಬಂದ ಜೋಡಿಯೇ ಆ ದಿನದ ಉತ್ತಮ ಜೋಡಿ ಎಂದು ಅವರು ತೀರ್ಮಾನಿಸಬಹುದು. ಇನ್ನೊಂದು ಆಕ್ಷೇಪ, ಇದು ಬೇಸಾಯದ ಹಬ್ಬವೆಂಬುದು ಬರೀ ಮಾತು ಎಂಬುದು. ಟ್ರ್ಯಾಕ್ಟರು ಬಂದ ಮೇಲೆ ಗದ್ದೆಗೆ ಎತ್ತು ಇಳಿಯುವುದೇ ಕಡಿಮೆ, ಕಲ್ಲೆಳೆಯಲು ಮೇಯಿಸಿದ ಒಂಗೋಲು ಹೋರಿಗಳಲ್ಲಿ ಎಷ್ಟೋ ಉಳುಮೆಯನ್ನೇ ಕಂಡಿರುವುದಿಲ್ಲ. ಒಪ್ಪಬೇಕಾದ ಮಾತು. ಆದರೆ ಉಪಯೋಗ ತೀರಿದ ಕೆಲಸ ಕಲೆಯಾಗಿ ಉಳಿಯುವುದು ಹೊಸದಲ್ಲ. ಬಾಸ್ಕ್ ನಾಡಿನಲ್ಲಿ ಊರ ಅಂಗಳದ ಕಲ್ಲುಹಾಸಿನ ಮೇಲೆ ಎತ್ತುಗಳಿಂದ ಕಲ್ಲೆಳೆಸುವ ‘ಇದಿ ಪ್ರೊಬಾಕ್’ ಇಂದಿಗೂ ನಡೆಯುತ್ತದೆ, ಅಲ್ಲಿಯೂ ಇಷ್ಟು ಹೊತ್ತಿನಲ್ಲಿ ಎಷ್ಟು ದೂರ ಎಂಬುದೇ ಲೆಕ್ಕ.

ಹಿಂಸೆಯ ಪ್ರಶ್ನೆ ಇಷ್ಟು ಸುಲಭವಾಗಿ ತೀರುವುದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಓಟಗಳನ್ನು ತಡೆಯಿತು. 2017ರಲ್ಲಿ ಕರ್ನಾಟಕವು ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕಾನೂನು ಅವಕಾಶ ಕೊಟ್ಟಿತೆಂದರೆ ನೋಡುವವರ ಹೊಣೆ ಮುಗಿಯಿತು ಎಂದಲ್ಲ. ಇಲ್ಲಿಯೂ ನೊಗವೇ ಸಾಕ್ಷಿ ಹೇಳುತ್ತದೆ. ಬಾರುಕೋಲು ಬಿದ್ದ ಎತ್ತು ಬೆದರಿ ಮುಂದೆ ಹಾರುತ್ತದೆ, ಜೊತೆಯದು ಹಿಂದೆ ಉಳಿಯುತ್ತದೆ, ನೊಗ ಓರೆಯಾಗುತ್ತದೆ. ಹೊಡೆತದಿಂದ ಗೆದ್ದವರೇ ಇಲ್ಲವೆಂದು ಹೇಳಲಾಗದು. ಆದರೆ ಹೊಡೆದು ಗೆದ್ದ ಎಳೆತ ರಾಗ ತಪ್ಪಿ ಗಂಟಲು ಹರಿದುಕೊಂಡ ಹಾಡಿನಂತೆ. ಅಂಥದ್ದಕ್ಕೆ ಕೇಕೆ ಹಾಕದಿರುವುದೂ ರಸಿಕತೆಯ ಭಾಗ. ಎರಡೂವರೆ ಟನ್ನಿನ ದಿನದ ಬಗ್ಗೆ ನನ್ನ ತಕರಾರು ಇದೇ. ಆ ಭಾರದಲ್ಲಿ ಹೊಂದಾಣಿಕೆ ಕಾಣುವುದಕ್ಕಿಂತ ತಿಣುಕಾಟ ಕಾಣುವುದು ಹೆಚ್ಚು. ಜನ ಕಿಕ್ಕಿರಿಯುವುದು ಆವತ್ತೇ ಇರಬಹುದು, ಕಲಿಯುವುದಕ್ಕೆ ಮಾತ್ರ ಅದು ತಕ್ಕ ದಿನವಲ್ಲ.

ನೀವು ಒಂದೂವರೆ ಟನ್ನಿನ ದಿನ ಹೋಗಿ. ಅಂಕಣದ ನಡುವಿನಲ್ಲಿ ನಿಲ್ಲದೆ ತಿರುವಿನ ಹತ್ತಿರ, ಹಗ್ಗದಿಂದ ಹೊರಗೆ ಜಾಗ ಹಿಡಿಯಿರಿ. ಮಳೆ ಬಂದರೆ ಕೊಡೆ ಬಿಚ್ಚಬೇಡಿ, ಎತ್ತುಗಳು ಬೆದರುತ್ತವೆ. ಗೋಣಿಚೀಲದ ಕೊಪ್ಪೆ ಸಾಕು.